ಅಚ್ಚಿಗೆ ಮುಂಚಿನ ಓದುಗ

ಕಾದಂಬರಿ ಬರೆದವನೇ ಕಾಗದಕ್ಕೆ ಹಣ ಹೊಂದಿಸಿ, ಮುದ್ರಣಾಲಯಕ್ಕೆ ಅಲೆದು, ಕರಡು ತಿದ್ದಿ, ಹೊಲಿದು ಕಟ್ಟಿದ ಪ್ರತಿಗಳನ್ನು ಓದುಗರ ಕೈಗೆ ಮುಟ್ಟಿಸುವ ಪದ್ಧತಿಗೆ ಸ್ವಪ್ರಕಾಶನ ಎಂಬ ಹೆಸರು ಈಚೆಗೆ ಬಂದುದಾದರೂ ಪದ್ಧತಿ ಮಾತ್ರ ಹೆಚ್ಚುಕಡಿಮೆ ಕನ್ನಡ ಕಾದಂಬರಿಯಷ್ಟೇ ಹಳೆಯದು. ಕಾದಂಬರಿ ಪಿತಾಮಹರೆಂದು ಕನ್ನಡಿಗರು ಗೌರವಿಸುವ ಗಳಗನಾಥರು (1869–1942), ಅಂದರೆ ಹಾವನೂರಿನ ವೆಂಕಟೇಶ ತಿರಕೋ ಕುಲಕರ್ಣಿಯವರು, ಶಾಲಾ ಶಿಕ್ಷಕರಾಗಿ ದುಡಿದವರು. ಅಗಡಿಯಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆಯನ್ನು ನಡೆಸಿದವರು. ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ ಅವರು 1913ರಲ್ಲಿ ‘ಸತೀ ಹಿತೈಷಿಣಿ’ ಎಂಬ ಗ್ರಂಥಮಾಲೆಯನ್ನು ತಾವೇ ಆರಂಭಿಸಿ, ತಮ್ಮ ಕಾದಂಬರಿ ‘ಸುಶೀಲೆ’ಯನ್ನು ಅದರ ಮೂಲಕ ಹೊರತಂದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿದರು, ಕುವೆಂಪು ಅವರ ಕೃತಿಗಳು ಮೈಸೂರಿನ ಅವರ ಮನೆಯ ಹೆಸರನ್ನೇ ಹೊತ್ತ ಉದಯರವಿ ಪ್ರಕಾಶನದಿಂದ ಬಂದವು. ಹೀಗಿರುವಾಗ, ಪ್ರಕಾಶಕರು ಸಿಗದವನು ಬೇರೆ ದಾರಿ ಕಾಣದೆ ಹಿಡಿಯುವ ಹಾದಿಯೇ ಸ್ವಪ್ರಕಾಶನ ಎಂಬ ಭಾವನೆ, ಇಂದಿಗೂ ಸಾಹಿತ್ಯ ವಲಯದಲ್ಲಿ ಬೇರೂರಿರುವ ಆ ತಾತ್ಸಾರ, ನಮ್ಮ ಚರಿತ್ರೆಗೆ ಒಪ್ಪುವಂಥದ್ದಲ್ಲ.

ಈ ಬರಹದ ವಿಷಯ ಆ ಹಿರಿಯರ ಸಾಧನೆಯಲ್ಲ. ಅವರು ನಡೆದ ಹಾದಿಯಲ್ಲೇ ಮೂವತ್ತು ವರ್ಷಗಳ ಅವಧಿಯಲ್ಲಿ ಮೂರು ಕಾದಂಬರಿಗಳನ್ನು ತನ್ನ ಕೈಯಿಂದಲೇ ಹೊರತಂದ, ಹಾವೇರಿ ಸೀಮೆಯ ಒಬ್ಬ ಪ್ರೌಢಶಾಲಾ ಶಿಕ್ಷಕನ ಅನುಭವ ಇಲ್ಲಿ ಮುಖ್ಯ. ಆತನೇ ಈ ಲೇಖಕನಾದುದರಿಂದ ಹೇಳಬೇಕಾದುದರಲ್ಲಿ ಬಹುಪಾಲು ನೆನಪಿನಿಂದ ಬಂದುದು. ಮೂರು ಕಾದಂಬರಿಗಳೂ ಮೂರು ಬೇರೆ ಬೇರೆ ತಂತ್ರಜ್ಞಾನಗಳಲ್ಲಿ ಅಚ್ಚಾದವು. ಅಚ್ಚಿನ ಕೆಲಸ ಒಂದೊಂದು ಹಂತಕ್ಕೂ ಸುಲಭವಾಗುತ್ತ ಬಂದಿತು. ಒಂದೊಂದು ಹಂತಕ್ಕೂ, ಪುಸ್ತಕ ಪುಸ್ತಕವಾಗುವ ಮೊದಲೇ ಅದನ್ನು ಓದುತ್ತಿದ್ದ ಒಬ್ಬೊಬ್ಬರು ಅಲ್ಲಿಂದ ಕಣ್ಮರೆಯಾಗುತ್ತ ಬಂದರು. ಈ ಎರಡನೆಯ ಸಂಗತಿ ಲೇಖಕನಿಗೆ ಅರ್ಥವಾದುದು ಬಹಳ ತಡವಾಗಿ.

ಮೊದಲ ಕಾದಂಬರಿ 1991ರಲ್ಲಿ ಗದಗಿನಲ್ಲಿ ಅಚ್ಚಾಯಿತು. ಆಗ ಹಾವೇರಿಯೂ ಗದಗೂ ಧಾರವಾಡ ಜಿಲ್ಲೆಯ ಊರುಗಳೇ. ಎರಡೂ ಪ್ರತ್ಯೇಕ ಜಿಲ್ಲೆಗಳಾದುದು 1997ರಲ್ಲಿ. ಗದಗಿಗೆ ಮುದ್ರಣ ಕಾಶಿ ಎಂಬ ಹೆಸರು ಮೊದಲಿನಿಂದಲೂ ಉಂಟು. ಪಂಚಾಂಗ, ಪಠ್ಯಪುಸ್ತಕ, ನಾಟಕ, ಪುರಾಣಗಳೆಲ್ಲ ಅಲ್ಲಿ ಅಚ್ಚಾಗಿ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗೆ ಹೋಗುತ್ತಿದ್ದವು. ದೊಡ್ಡ ನಗರಗಳಲ್ಲಿ ಆಫ್‌ಸೆಟ್ ಮುದ್ರಣ ಬೇರೂರಿದ್ದರೂ ಅಲ್ಲಿನ ಓಣಿಗಳ ಸಣ್ಣ ಮುದ್ರಣಾಲಯಗಳಲ್ಲಿ ಇನ್ನೂ ಸೀಸದ ಅಚ್ಚುಮೊಳೆಗಳೇ ನಡೆದಿದ್ದವು. ಅಚ್ಚುಮೊಳೆ ಎಂದರೆ ಒಂದೊಂದು ಅಕ್ಷರಕ್ಕೂ ಬೇರೆಯಾಗಿ ಎರಕ ಹೊಯ್ದ ಸೀಸದ ತುಂಡು. ಕನ್ನಡದಲ್ಲಿ ಕಾಗುಣಿತ ಒತ್ತಕ್ಷರಗಳಿಗೆಲ್ಲ ಬೇರೆ ಬೇರೆ ಮೊಳೆ ಬೇಕಾಗುವುದರಿಂದ ಅವುಗಳ ಬಗೆಯೇ ನೂರಾರು. ಕೇಸು ಎಂದು ಕರೆಯುವ, ಸಣ್ಣ ಸಣ್ಣ ಮನೆಗಳಿರುವ ಮರದ ತಟ್ಟೆಯ ಮುಂದೆ ನಿಂತು, ಎದುರಿಗೆ ಹಸ್ತಪ್ರತಿ ಇಟ್ಟುಕೊಂಡು, ಒಂದೊಂದೇ ಮೊಳೆಯನ್ನು ಆರಿಸಿ ಸಾಲುಗೂಡಿಸುವವನೇ ಕಂಪೋಜಿಟರ್. ಎಷ್ಟೇ ಪಳಗಿದ ಕೈಯಾದರೂ ಈ ಕೆಲಸದಲ್ಲಿ ಪ್ರತಿಯೊಂದು ಶಬ್ದವನ್ನೂ ಓದದೆ ಮುಂದೆ ಹೋಗುವಂತಿಲ್ಲ.

ಇಲ್ಲಿ ಫಾರಂ ಎಂಬ ಮಾತನ್ನು ಸ್ವಲ್ಪ ವಿವರಿಸಬೇಕು. ಕಾದಂಬರಿಗಳಿಗೆ ಸಾಮಾನ್ಯವಾದ ಡೆಮಿ ಅಷ್ಟದಳದ ಆಕಾರದಲ್ಲಿ ಒಂದು ದೊಡ್ಡ ಹಾಳೆಯ ಎರಡೂ ಬದಿಗೆ ಅಚ್ಚಾಗಿ, ಮಡಿಸಿದಾಗ 16 ಪುಟಗಳಾಗುತ್ತವೆ. ಆ 16 ಪುಟಗಳ ಕಂತೆಯೇ ಒಂದು ಫಾರಂ. ಲೇಖಕನ ಕಾದಂಬರಿ 192 ಪುಟ, ಅಂದರೆ 12 ಫಾರಂ. ಸಾವಿರ ಪ್ರತಿಗಳೆಂದರೆ ಫಾರಂ ಒಂದಕ್ಕೆ ಸಾವಿರ ಹಾಳೆ, ಎರಡು ರೀಮು. ಒಟ್ಟು 24 ರೀಮು ಕಾಗದ, ಹಾಳಾಗುವುದಕ್ಕೆ ಇನ್ನಷ್ಟು. ಶಿಕ್ಷಕರ ಪತ್ತಿನ ಸಹಕಾರ ಸಂಘದಲ್ಲಿ ತೆಗೆದ ಸಾಲದ ಮುಕ್ಕಾಲು ಪಾಲು ಈ ಕಾಗದಕ್ಕೇ ಹೋಯಿತು. ಆ ಮುದ್ರಣಾಲಯದಲ್ಲಿ ಒಂದು ಫಾರಂಗೆ ಸಾಲುವಷ್ಟೇ ಮೊಳೆಗಳಿದ್ದುದರಿಂದ, ಒಂದು ಫಾರಂ ಜೋಡಿಸಿ, ಕರಡು ತೆಗೆದು, ತಿದ್ದಿ, ಸಾವಿರ ಪ್ರತಿ ಅಚ್ಚು ಹಾಕಿ, ಮೊಳೆಗಳನ್ನು ಬಿಚ್ಚಿ ತಂತಮ್ಮ ಮನೆಗಳಿಗೆ ಸೇರಿಸಿದ ಮೇಲೆಯೇ ಮುಂದಿನ ಫಾರಂಗೆ ಕೈಹಾಕಲು ಸಾಧ್ಯವಾಗುತ್ತಿತ್ತು. ಹೀಗಾಗಿ ಮೂರನೆಯ ಫಾರಂ ಅಚ್ಚಾಗಿ ಕಟ್ಟಿಟ್ಟ ಮೇಲೆ ಅದರಲ್ಲಿ ಒಂದಕ್ಷರವನ್ನೂ ಬದಲಿಸುವಂತಿರಲಿಲ್ಲ. ಒಂಬತ್ತನೆಯ ಫಾರಂ ಮಾತ್ರ ಇನ್ನೂ ಹಸ್ತಪ್ರತಿಯಲ್ಲಿ ಬದಲಾವಣೆಗೆ ತೆರೆದೇ ಇರುತ್ತಿತ್ತು. ಲೇಖಕನು ಪ್ರತಿ ಶನಿವಾರ ಬೆಳಗಿನ ಶಾಲೆ ಮುಗಿಸಿ ಲಕ್ಷ್ಮೇಶ್ವರದ ಮೇಲೆ ಹೋಗುವ ಬಸ್ಸು ಹಿಡಿದು ಗದಗಿಗೆ ಹೋಗಿ, ಕರಡು ತಿದ್ದಿ, ರಾತ್ರಿ ಮುದ್ರಣಾಲಯದ ಜಗಲಿಯಲ್ಲೇ ಮಲಗಿ, ಭಾನುವಾರ ಹಿಂದಿರುಗುತ್ತಿದ್ದನು.

ಅಂಥ ಒಂದು ಶನಿವಾರ, ಏಳನೆಯ ತರಗತಿಯವರೆಗೆ ಮಾತ್ರ ಶಾಲೆ ಕಂಡಿದ್ದ ಆ ಮುದ್ರಣಾಲಯದ ಕಂಪೋಜಿಟರ್, ಕರಡಿನ ಹಾಳೆಗಳನ್ನು ಕೊಡುತ್ತ, ಬಹಳ ಸಂಕೋಚದಿಂದ ಒಂದು ಪ್ರಶ್ನೆ ಕೇಳಿದರು: “ಸರ್, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಗಂಗವ್ವ ಮೂರನೇ ಫಾರಮ್ಮಿನಾಗ ಗಂಡನ ಮನಿಗೆ ಹ್ವಾದಾಕಿ, ಇಲ್ಲಿ ತವರಮನಿ ಒಲಿ ಮುಂದ ಹ್ಯಾಂಗ ಕುಂತಾಳ್ರಿ?” ಎರಡು ವರ್ಷ ಬರೆದು, ಮೂರು ಸಲ ಪ್ರತಿ ಮಾಡಿ, ಇಬ್ಬರು ಪದವೀಧರ ಗೆಳೆಯರಿಗೆ ಓದಲು ಕೊಟ್ಟಿದ್ದ ಕಾದಂಬರಿಯಲ್ಲಿ ಈ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೂರನೆಯ ಫಾರಮ್ಮಿನ ಸಾವಿರ ಹಾಳೆಗಳು ಮೂಲೆಯಲ್ಲಿ ಕಟ್ಟಾಗಿ ಕುಳಿತಿದ್ದವು; ಅವುಗಳನ್ನು ಬಿಸಾಕಿ ಮತ್ತೆ ಅಚ್ಚು ಹಾಕಿಸಲು ಹಣವಿರಲಿಲ್ಲ. ಉಳಿದ ದಾರಿ ಒಂದೇ: ಗಂಗವ್ವ ತವರಿಗೆ ಬಂದುದಕ್ಕೆ ಕಾರಣ ಹುಡುಕಬೇಕು. ಹೆಣ್ಣುಮಕ್ಕಳನ್ನು ನಾಗರಪಂಚಮಿಗೆ ತವರಿಗೆ ಕರೆತರುವುದು ಆ ಸೀಮೆಯ ವಾಡಿಕೆಯಾದುದರಿಂದ, ಲೇಖಕನು ಆ ರಾತ್ರಿ ಜಗಲಿಯ ಮೇಲೆ ಕುಳಿತು, ಅಣ್ಣ ಹೋಗಿ ಗಂಗವ್ವನನ್ನು ಪಂಚಮಿಗೆ ಕರೆತಂದನೆಂದು ನಾಲ್ಕು ಸಾಲು ಸೇರಿಸಿದನು. ಮರುದಿನ ಆ ಸಾಲುಗಳನ್ನು ಓದಿದ ಕಂಪೋಜಿಟರ್ ಇನ್ನೊಂದು ಮಾತು ಕೇಳಿದರು: ಮುಂದಿನ ಪ್ರಕರಣದ ಹೊತ್ತಿಗೆ ಸುಗ್ಗಿ ಬಂದಿದೆ, ಪಂಚಮಿಗೆ ಬಂದವಳು ಇನ್ನೂ ಯಾಕೆ ಇಲ್ಲೇ ಇದ್ದಾಳೆ? ಆ ಪ್ರಶ್ನೆಗೆ ನಾಲ್ಕು ಸಾಲಿನಲ್ಲಿ ಉತ್ತರವಿರಲಿಲ್ಲ. ಜೋಕಾಲಿ ಬಿಚ್ಚಿದ ಮೇಲೂ, ಡಬ್ಬಿಯೊಳಗಿನ ಉಂಡಿ ಮುಗಿದ ಮೇಲೂ ಗಂಡನ ಮನೆಗೆ ಹಿಂದಿರುಗದೆ ಉಳಿದ ಹೆಣ್ಣೊಬ್ಬಳ ಮೌನ, ಮನೆಯವರು ಅದನ್ನು ಕೇಳದೆಯೇ ತಿಳಿದುಕೊಳ್ಳುವ ರೀತಿ, ಇವೆಲ್ಲ ಸೇರಿ ಹೊಸದೊಂದು ಪ್ರಕರಣವೇ ಆಯಿತು. ಅದಕ್ಕೆ ಜಾಗ ಮಾಡಲು ಕೊನೆಯ ಪ್ರಕರಣಗಳನ್ನು ಅಷ್ಟರಮಟ್ಟಿಗೆ ಕುಗ್ಗಿಸಬೇಕಾಯಿತು. ಆ ಕಾದಂಬರಿಯನ್ನು ಓದಿದವರಲ್ಲಿ ಹೆಚ್ಚಿನವರು ನೆನೆಯುವುದು ಆ ಒಂದು ಪ್ರಕರಣವನ್ನೇ.

ಕಾದಂಬರಿ ತತ್ತ್ವದ ಗ್ರಂಥಗಳಲ್ಲಿ ಕಥಾವಸ್ತು, ದೃಷ್ಟಿಕೋನ, ಪಾತ್ರವಿಕಾಸಗಳ ಚರ್ಚೆ ವಿಸ್ತಾರವಾಗಿರುತ್ತದೆ. ಮುದ್ರಣಾಲಯದಲ್ಲಿ ಮೊಳೆ ಕಡಿಮೆಯಿದ್ದುದರಿಂದ ಒಂದು ಪಾತ್ರ ತನ್ನ ಬದುಕನ್ನೇ ಬದಲಿಸಿಕೊಳ್ಳಬಹುದು ಎಂಬುದನ್ನು ಯಾವ ಗ್ರಂಥವೂ ಲೇಖಕನಿಗೆ ಹೇಳಿಕೊಟ್ಟಿರಲಿಲ್ಲ.

ಸಾವಿರ ಪ್ರತಿಗಳನ್ನು ಮಾರಲು ಏಳು ವರ್ಷ ಹಿಡಿಯಿತು. ಅಂಗಡಿಗಳಿಗೆ ಬೆಲೆಯ ಮೂರರಲ್ಲೊಂದು ಪಾಲು ರಿಯಾಯಿತಿ ಕೊಡಬೇಕಿತ್ತು. ಅದೂ ಪುಸ್ತಕ ಮಾರಾಟವಾದ ಮೇಲೆ ಲೆಕ್ಕ. ಆದುದರಿಂದ ಲೇಖಕನು ಸೈಕಲ್ಲಿನ ಹಿಂದೆ ಚೀಲ ಕಟ್ಟಿಕೊಂಡು ಶಾಲೆಗಳಿಗೆ, ಜಾತ್ರೆಗಳಿಗೆ, ಸಹೋದ್ಯೋಗಿಗಳ ಮನೆಯ ಮದುವೆಗಳಿಗೆ ಹೋದನು. ಗಳಗನಾಥರು ತಿರುಗಿದ ಸೀಮೆಯೂ ಅದೇ ಆದುದರಿಂದ ಆ ಓಡಾಟದಲ್ಲಿ ಒಂದು ಬಗೆಯ ಧೈರ್ಯ ಇರುತ್ತಿತ್ತು. ಪುಸ್ತಕ ಕೊಂಡವರ ಮುಖ ಕಾಣುತ್ತಿತ್ತು, ಓದಿದ ಮೇಲಿನ ಮಾತು ಮುಂದಿನ ಜಾತ್ರೆಯಲ್ಲಿ ಸಿಗುತ್ತಿತ್ತು. ಪ್ರತಿಗಳನ್ನು ಮೊದಲೇ ಹಂಚಿಕೊಳ್ಳುವ ಇನ್ನೊಂದು ಜಾಣ ಮಾರ್ಗವೂ ಆ ನೆಲದಲ್ಲೇ ಇತ್ತು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರ ಬಲದಿಂದಲೇ ನಡೆದ ಸಂಸ್ಥೆ. ಚಂದಾ ಕೊಟ್ಟವರಿಗೆ ಪುಸ್ತಕಗಳು ಮನೆಗೆ ಹೋಗುತ್ತಿದ್ದವು. ಆದರೆ ಹತ್ತು ಹದಿನೈದು ವರ್ಷಕ್ಕೊಂದು ಕಾದಂಬರಿ ಬರೆಯುವವನಿಗೆ ಚಂದಾದಾರರನ್ನು ಕೇಳುವ ಅಧಿಕಾರವಿರಲಿಲ್ಲ.

ಎರಡನೆಯ ಕಾದಂಬರಿಯ ಹೊತ್ತಿಗೆ, ಅಂದರೆ 2009ರಲ್ಲಿ, ಮೊಳೆಗಳು ಗುಜರಿಗೆ ಹೋಗಿದ್ದವು. ಗಣಕಯಂತ್ರದಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಡಿಟಿಪಿ ಎಂಬ ಕ್ರಮವೇ ಎಲ್ಲೆಲ್ಲೂ ಇತ್ತು. 1998ರಲ್ಲಿ ಬಂದ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಎಂಬ ತಂತ್ರಾಂಶಗಳು ಕನ್ನಡಿಗರ ಕೈಗೆ ಮುದ್ರಣದ ಅರ್ಧ ಶಕ್ತಿಯನ್ನೇ ತಂದುಕೊಟ್ಟವೆಂದರೆ ಉತ್ಪ್ರೇಕ್ಷೆಯಲ್ಲ. ಅವುಗಳನ್ನು ರೂಪಿಸಿದವರಿಗೆ ಈ ಭಾಷೆಯ ಲೇಖಕರು ತೀರಿಸಲಾಗದ ಋಣದಲ್ಲಿದ್ದಾರೆ. ಹುಬ್ಬಳ್ಳಿಯ ಒಂದು ಡಿಟಿಪಿ ಕೇಂದ್ರದಲ್ಲಿ ಹಸ್ತಪ್ರತಿಯನ್ನು ಬೆರಳಚ್ಚು ಮಾಡಿದ ಹುಡುಗಿ ದಿನಕ್ಕೆ ಇಪ್ಪತ್ತು ಪುಟ ಮುಗಿಸುತ್ತಿದ್ದಳು. ಒಂದೇ ಹೊತ್ತಿಗೆ ಮದುವೆಯ ಕರೆಯೋಲೆ, ಪ್ರಶ್ನೆಪತ್ರಿಕೆ, ಕಾದಂಬರಿ, ಈ ಮೂರೂ ಅವಳ ಮೇಜಿನ ಮೇಲಿರುತ್ತಿದ್ದವು. ಪುಟಕ್ಕಿಷ್ಟು ಎಂಬ ಕೂಲಿಯಲ್ಲಿ ನಿಂತು ಓದುವುದಕ್ಕೆ ಬಿಡುವಿರಲಿಲ್ಲ, ಅದನ್ನು ಅವಳಿಂದ ನಿರೀಕ್ಷಿಸುವುದೂ ನ್ಯಾಯವಲ್ಲ. ಈಗ ಎಲ್ಲವನ್ನೂ ಕೊನೆಯ ಗಳಿಗೆಯವರೆಗೆ ಬದಲಿಸಬಹುದಿತ್ತು, ಹೀಗಾಗಿ ಲೇಖಕನು ಬದಲಿಸುತ್ತಲೇ ಹೋದನು. ತನ್ನ ವಾಕ್ಯಗಳನ್ನು ಹತ್ತು ಸಲ ಕಂಡ ಕಣ್ಣಿಗೆ ತಪ್ಪುಗಳು ಕಾಣುವುದು ನಿಂತುಹೋಗುತ್ತದೆ ಎಂಬ ಅರಿವು ಆಗ ಅವನಿಗಿರಲಿಲ್ಲ. 2010ರ ಫೆಬ್ರವರಿಯಲ್ಲಿ ಗದಗಿನಲ್ಲಿ ಗೀತಾ ನಾಗಭೂಷಣ ಅವರ ಅಧ್ಯಕ್ಷತೆಯಲ್ಲಿ ನಡೆದ 76ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಲ್ಲಿ ಗೆಳೆಯರ ಮಳಿಗೆಯ ಒಂದು ಮೂಲೆಯಲ್ಲಿ ಆ ಪುಸ್ತಕವಿತ್ತು. ಮೊದಲ ಕಾದಂಬರಿ ಅಚ್ಚಾದ ಓಣಿ ಅಲ್ಲಿಂದ ದೂರವಿರಲಿಲ್ಲ. ಮುದ್ರಣಾಲಯವಿದ್ದ ಕಟ್ಟಡದಲ್ಲಿ ಆಗ ಮೊಬೈಲ್ ಅಂಗಡಿಯಿತ್ತು.

ಆ ಕಾಲದ ಸ್ವಪ್ರಕಾಶಕರಿಗೆಲ್ಲ ಆಧಾರವಾಗಿದ್ದುದು ಸಗಟು ಖರೀದಿ. ಸರ್ಕಾರದ ಗ್ರಂಥಾಲಯಗಳಿಗಾಗಿ ಆಯ್ಕೆಯಾದ ಪ್ರತಿಯೊಂದು ಶೀರ್ಷಿಕೆಯ ಸುಮಾರು 300 ಪ್ರತಿಗಳನ್ನು, ಪುಟಕ್ಕಿಷ್ಟು ಎಂದು ನಿಗದಿಯಾದ ದರದಲ್ಲಿ ಒಟ್ಟಿಗೆ ಕೊಳ್ಳುವ ವ್ಯವಸ್ಥೆ ಇದು. ಇದಿಲ್ಲದಿದ್ದರೆ ಎಷ್ಟೋ ಕನ್ನಡ ಪುಸ್ತಕಗಳು ಹಸ್ತಪ್ರತಿಯಲ್ಲೇ ಉಳಿಯುತ್ತಿದ್ದವು, ಇದಿದ್ದುದರಿಂದ ಓದುಗರನ್ನು ಹುಡುಕದೆಯೂ ಪುಸ್ತಕ ಹೊರತರಬಹುದೆಂಬ ಸ್ಥಿತಿಯೂ ಬಂದಿತು. ಲೇಖಕನ ಎರಡನೆಯ ಕಾದಂಬರಿ ಆಯ್ಕೆಯಾಗಿ, 300 ಪ್ರತಿಗಳು ಒಂದೇ ದಿನ ಲಾರಿಯಲ್ಲಿ ಹೋದವು. ಸೈಕಲ್ಲಿನ ಮೇಲೆ ಅಷ್ಟನ್ನು ಮಾರಲು ಹಿಂದೆ ಎರಡು ವರ್ಷಕ್ಕೂ ಹೆಚ್ಚು ಕಾಲ ಬೇಕಾಗಿತ್ತು. ಅವುಗಳನ್ನು ಯಾರು ಓದಿದರೆಂಬುದು ತಿಳಿಯುವ ಬಗೆಯಿರಲಿಲ್ಲ. ಕೆಲವು ವರ್ಷಗಳ ಮೇಲೆ, ಚುನಾವಣಾ ಕರ್ತವ್ಯಕ್ಕಾಗಿ ಹೋಗಿದ್ದ ಒಂದು ಹಳ್ಳಿಯ ಪಂಚಾಯಿತಿ ಗ್ರಂಥಾಲಯದಲ್ಲಿ ಲೇಖಕನು ತನ್ನ ಕಾದಂಬರಿಯ ಒಂದು ಪ್ರತಿಯನ್ನು ಕಂಡನು. ಯಾರೋ ಅದನ್ನು ಪೆನ್ಸಿಲ್ ಹಿಡಿದು ಓದಿದ್ದರು. ತಪ್ಪಿದ ಒತ್ತಕ್ಷರಗಳನ್ನು ಅಂಚಿನಲ್ಲಿ ಬರೆದಿದ್ದರು. ಎರಡು ಕಡೆ ಬಿಟ್ಟುಹೋದ ಶಬ್ದವನ್ನು ಊಹಿಸಿ ತುಂಬಿದ್ದರು, ಊಹೆ ಎರಡೂ ಕಡೆ ಸರಿಯಾಗಿತ್ತು. ಐವತ್ತೆಂಟನೆಯ ಪುಟದ ಪಕ್ಕದಲ್ಲಿ ‘ಈತ ಯಾರು?’ ಎಂದು ಬರೆದಿತ್ತು. ನಿಜಕ್ಕೂ ಆ ಪಾತ್ರದ ಪರಿಚಯವನ್ನು ಮಾಡಿಕೊಟ್ಟಿದ್ದ ಪುಟವನ್ನು ಲೇಖಕನೇ ಕೊನೆಯ ತಿದ್ದುಪಡಿಯಲ್ಲಿ ಅಳಿಸಿದ್ದನು. ಅಲ್ಲಿಂದ ಮುಂದೆ ಪೆನ್ಸಿಲ್ ಗುರುತುಗಳಿರಲಿಲ್ಲ. ಗದಗಿನಲ್ಲಿ ಅಚ್ಚಿಗೆ ಮುಂಚೆ ಕೇಳಿಬಂದಿದ್ದ ಪ್ರಶ್ನೆಯೇ ಇಲ್ಲಿ ಅಚ್ಚಾದ ಮೇಲೆ, ಉತ್ತರಿಸುವವನು ಇಲ್ಲದ ಕಡೆ, ಕೇಳಿಬಂದಿತ್ತು. ಉತ್ತರ ಸಿಗದೆ ಆ ಓದುಗ ಪುಸ್ತಕವನ್ನು ಕೆಳಗಿಟ್ಟಿದ್ದನು. ಆ ಅಂಚಿನ ಎರಡು ಪದಗಳು ಲೇಖಕನಿಗೆ ಕೊಟ್ಟ ನೋವು ಯಾವ ವಿಮರ್ಶೆಯೂ ಕೊಟ್ಟುದಲ್ಲ.

ಮೂರನೆಯ ಕಾದಂಬರಿ 2021ರಲ್ಲಿ ಬಂದಿತು. ಅಷ್ಟರಲ್ಲಿ ಪ್ರಕಾಶನದ ಲೋಕವೇ ಬೇರೆಯಾಗಿತ್ತು. ವಸುಧೇಂದ್ರ ಅವರು 2004ರಲ್ಲಿ ಆರಂಭಿಸಿದ ಛಂದ ಪುಸ್ತಕ, ಬರಹಗಾರನೇ ಕಟ್ಟಿದ ಪ್ರಕಾಶನವೊಂದು ತನ್ನ ಪುಸ್ತಕಗಳ ಜೊತೆಗೆ ಹೊಸಬರನ್ನೂ ಎಷ್ಟು ಅಚ್ಚುಕಟ್ಟಾಗಿ ಹೊರತರಬಹುದೆಂಬುದನ್ನು ತೋರಿಸಿಕೊಟ್ಟಿತ್ತು. ಅಮೆಜಾನ್ ಸಂಸ್ಥೆಯ ಕಿಂಡಲ್ 2016ರ ಕೊನೆಯಲ್ಲಿ ಹಿಂದಿ, ತಮಿಳು, ಮಲಯಾಳಂ, ಮರಾಠಿ, ಗುಜರಾತಿ ಭಾಷೆಗಳಿಗೆ ತೆರೆದುಕೊಂಡಾಗ ಆ ಐದರಲ್ಲಿ ಕನ್ನಡವಿರಲಿಲ್ಲ. ಕನ್ನಡದ ಇ-ಪುಸ್ತಕ ಮತ್ತು ಕೇಳುಪುಸ್ತಕಗಳಿಗಾಗಿ ಕನ್ನಡಿಗರೇ 2020ರಲ್ಲಿ ಮೈಲ್ಯಾಂಗ್ ಎಂಬ ವೇದಿಕೆಯನ್ನು ಕಟ್ಟಿದರು. ಇನ್ನೊಂದು ಕಡೆ, ಬೇಡಿಕೆ ಬಂದಾಗ ಬಂದಷ್ಟೇ ಪ್ರತಿಗಳನ್ನು, ಒಂದೇ ಒಂದನ್ನಾದರೂ, ಅಚ್ಚು ಹಾಕಿ ಕಳುಹಿಸುವ ಪ್ರಿಂಟ್ ಆನ್ ಡಿಮ್ಯಾಂಡ್ ಎಂಬ ಕ್ರಮ ಜಿಲ್ಲಾ ಕೇಂದ್ರಗಳ ಲೇಖಕರಿಗೂ ನಿಲುಕುವಂತಾಗಿತ್ತು. ಪ್ರತಿಯೊಂದರ ವೆಚ್ಚ ಆಫ್‌ಸೆಟ್ಟಿನ ಸಾವಿರ ಪ್ರತಿಯ ಲೆಕ್ಕಕ್ಕಿಂತ ಹೆಚ್ಚು ಬೀಳುತ್ತದೆ, ಆದರೆ ಸಾಲವಿಲ್ಲ, ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುವ ಕಟ್ಟುಗಳಿಲ್ಲ. ಪುಸ್ತಕದ ಗುರುತಿನ 13 ಅಂಕಿಗಳ ಐಎಸ್‌ಬಿಎನ್ ಸಂಖ್ಯೆ ನಮ್ಮ ದೇಶದಲ್ಲಿ ಉಚಿತವಾಗಿ ಸಿಗುತ್ತದೆ. ಮನೆಯಲ್ಲಿ ಕುಳಿತು ಕಡತವನ್ನು ಕಳುಹಿಸಿದರೆ ಕೆಲವೇ ದಿನಗಳಲ್ಲಿ ಪುಸ್ತಕ ಅಂಚೆಯಲ್ಲಿ ಬರುತ್ತದೆ.

ಹಳೆಯ ಕಾದಂಬರಿಯನ್ನೂ ಈ ಕ್ರಮದಲ್ಲಿ ಮತ್ತೆ ತರಬೇಕೆಂದು ಹೊರಟಾಗ ಎದುರಾದ ತೊಡಕು ಲಿಪಿಯದು. ಹಿಂದಿನ ನುಡಿ ಕಡತಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಕೇತಗಳ ಮೇಲೆಯೇ ಕನ್ನಡದ ಆಕೃತಿಗಳನ್ನು ಕೂರಿಸಲಾಗಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್‌ಗೆ ಅವುಗಳನ್ನು ಪರಿವರ್ತಿಸುವಾಗ, ಅಕ್ಷರದ ಬಲಕ್ಕೆ ಬರೆಯುವ ಅರ್ಕಾವತ್ತು ತನ್ನ ಸ್ಥಾನ ತಪ್ಪಿ ‘ಸೂರ್ಯ’ ಎಂಬುದು ‘ಸೂಯರ್’ ಆಗುತ್ತಿತ್ತು. ಇಂಥ ಸಾವಿರಾರು ಪದಗಳನ್ನು ಕೈಯಿಂದಲೇ ತಿದ್ದಬೇಕಾಯಿತು, ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಆದರೆ ಹೆಚ್ಚಿನ ಹಾನಿಯಾದುದು ಯಂತ್ರದಿಂದಲ್ಲ. ಮೂರನೆಯ ಕಾದಂಬರಿಯ ಒಂದು ಪಾತ್ರಕ್ಕಿದ್ದ ರಾಮ ಎಂಬ ಹೆಸರನ್ನು ಕೊನೆಯ ಹಂತದಲ್ಲಿ ಸೋಮ ಎಂದು ಬದಲಿಸಲು ಲೇಖಕನು ಗಣಕಕ್ಕೆ ಒಂದೇ ಆಜ್ಞೆ ಕೊಟ್ಟನು. ಕಡತದುದ್ದಕ್ಕೂ ಹೆಸರು ಬದಲಾಯಿತು. ಪುಸ್ತಕ ಮಾರಾಟಕ್ಕೆ ಬಂದ ಎರಡು ವಾರಗಳ ಮೇಲೆ ದಾವಣಗೆರೆಯ ಓದುಗರೊಬ್ಬರು ಒಂದು ಪುಟದ ಚಿತ್ರ ತೆಗೆದು ವಾಟ್ಸಾಪಿನಲ್ಲಿ ಕಳುಹಿಸಿ, ಕೆಳಗೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನಷ್ಟೇ ಇಟ್ಟಿದ್ದರು. ಹಾಸಿಗೆ ಹಿಡಿದ ತಾಯಿ, ಊರು ಬಿಟ್ಟು ಹೋಗಿದ್ದ ಮಗ ಬಾಗಿಲಲ್ಲಿ ಕಂಡಾಗ ಆಡುವ ಮೊದಲ ಮಾತು ಅಲ್ಲಿತ್ತು. ಉತ್ತರ ಕರ್ನಾಟಕದ ಯಾವ ತಾಯಿಯಾದರೂ ಕೇಳುವಂತೆ ಆಕೆ ಮಗನನ್ನು ‘ಆರಾಮ ಅದೀಯೇನೋ?’ ಎಂದು ಕೇಳಿದ್ದಳು. ಅಚ್ಚಾದ ಪುಟದಲ್ಲಿ ಅದು ‘ಆಸೋಮ ಅದೀಯೇನೋ?’ ಎಂದಾಗಿತ್ತು. ಇಡೀ ಕಾದಂಬರಿ ಆ ಒಂದು ಮಾತಿನ ಕಡೆಗೇ ನಡೆದುಬಂದಿತ್ತು. ಕಡತವನ್ನು ಸರಿಪಡಿಸಲು ಐದು ನಿಮಿಷ ಸಾಕಾಯಿತು, ಮುಂದಿನ ಪ್ರತಿಗಳು ಸರಿಯಾಗಿಯೇ ಅಚ್ಚಾದವು. ಅಷ್ಟರಲ್ಲಿ ಎಪ್ಪತ್ತು ಮನೆಗಳಿಗೆ ಹೋಗಿದ್ದ ಆ ತಾಯಿಯ ಮಾತನ್ನು ಹಿಂದಕ್ಕೆ ಕರೆಯುವುದು ಸಾಧ್ಯವಿರಲಿಲ್ಲ. ಲೇಖಕ ಬರೆದುದಕ್ಕೂ ಓದುಗ ಕೊಂಡುದಕ್ಕೂ ನಡುವೆ ಆ ವಾಕ್ಯವನ್ನು ಓದಿದ ಇನ್ನೊಂದು ಜೀವ ಇರಲಿಲ್ಲ ಎಂಬುದು ಆಗಲೇ ಪೂರ್ತಿಯಾಗಿ ಮನಸ್ಸಿಗೆ ಇಳಿದದ್ದು.

ಪ್ರಕಾಶನ ಸಂಸ್ಥೆಗಳಲ್ಲಿ ಸಂಪಾದಕರಿರುತ್ತಾರೆ, ಕರಡು ತಿದ್ದುವವರಿರುತ್ತಾರೆ ಎಂಬ ವಾದವನ್ನು ಇಲ್ಲಿ ಎತ್ತಬಹುದು. ಕನ್ನಡದಲ್ಲಿ ಅಂಥ ಕೆಲಸಕ್ಕೆ ತಕ್ಕ ಸಂಬಳ ಕೊಡಬಲ್ಲ ಸಂಸ್ಥೆಗಳು ಮೊದಲಿನಿಂದಲೂ ಕಡಿಮೆ; ಆ ಕೆಲಸ ನಡೆದಿದ್ದರೆ ಬಹುಮಟ್ಟಿಗೆ ಸ್ನೇಹದಿಂದ, ಶಿಷ್ಯವಾತ್ಸಲ್ಯದಿಂದ, ಇಲ್ಲವೆ ಮುದ್ರಣಾಲಯದ ಹೆಸರಿಲ್ಲದ ಕೆಲಸಗಾರರ ಆಸ್ಥೆಯಿಂದ ನಡೆದಿದೆ. ಪುಸ್ತಕಗಳ ಮೊದಲ ಪುಟಗಳಲ್ಲಿ ಮುನ್ನುಡಿ ಬರೆದವರಿಗೆ, ಮುಖಪುಟ ರಚಿಸಿದವರಿಗೆ ಕೃತಜ್ಞತೆ ಇರುತ್ತದೆ. ಕಂಪೋಜಿಟರುಗಳ ಹೆಸರು ತೀರ ಅಪರೂಪ. ಲೇಖಕನ ಮೊದಲ ಕಾದಂಬರಿಯಲ್ಲಿಯೂ ಆ ಹೆಸರಿಲ್ಲ.

2023ರ ಜನವರಿಯಲ್ಲಿ ಹಾವೇರಿಯಲ್ಲಿ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ 86ನೆಯ ಸಾಹಿತ್ಯ ಸಮ್ಮೇಳನ ನಡೆದಾಗ, ಗದಗಿನಿಂದ ಬಂದ ಹಳೆಯ ಪುಸ್ತಕ ವ್ಯಾಪಾರಿಯೊಬ್ಬರ ಮೂಲಕ ಆ ಕಂಪೋಜಿಟರ್ ಇನ್ನೂ ಇದ್ದಾರೆಂಬುದು ತಿಳಿಯಿತು. ಮರುವಾರ ಲೇಖಕನು ಗದಗಿಗೆ ಹೋದನು. ಎಪ್ಪತ್ತೈದು ದಾಟಿದ ಅವರಿಗೆ ಒಂದು ಕಣ್ಣು ಪೂರ್ತಿ ಮಂಜಾಗಿತ್ತು, ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು. ಲೇಖಕನ ಗುರುತು ಹತ್ತಲಿಲ್ಲ. ಕಾದಂಬರಿಯ ಹೆಸರು ಹೇಳಿದಾಗಲೂ ನೆನಪಾಗಲಿಲ್ಲ. “ಗಂಗವ್ವ ಪಂಚಮಿಗೆ ಬಂದಾಕಿ ಹೊಳ್ಳಿ ಹೋಗಲಿಲ್ಲಲ್ರಿ” ಎಂದಾಗ ಮುಖ ಅರಳಿತು. ನಾಲ್ಕನೆಯ ಕಾದಂಬರಿಯ ಹಸ್ತಪ್ರತಿಯನ್ನು ಓದಿ ನೋಡುವಿರಾ ಎಂದು ಕೇಳಿದುದಕ್ಕೆ, ತಮ್ಮ ಕಣ್ಣಿಂದ ಆಗುವುದಿಲ್ಲವೆಂದೂ, ಪಿಯುಸಿ ಓದುತ್ತಿರುವ ಮೊಮ್ಮಗಳು ಗಟ್ಟಿಯಾಗಿ ಓದಿದರೆ ಕೇಳಬಲ್ಲೆನೆಂದೂ ಹೇಳಿದರು. ಸಂಭಾವನೆಯ ಮಾತು ಬಂದಾಗ ಪುಟದ ಲೆಕ್ಕವನ್ನಾಗಲಿ ತಿಂಗಳ ಲೆಕ್ಕವನ್ನಾಗಲಿ ಅವರು ಒಪ್ಪಲಿಲ್ಲ. ಈಗಿನ ತನ್ನ ಪುಸ್ತಕಗಳ ಅಚ್ಚಿನಲ್ಲಿ ಫಾರಂ ಲೆಕ್ಕವೇ ಇಲ್ಲವೆಂದು ಲೇಖಕನು ತಿಳಿಸಿದರೂ, ಕೂಲಿ ಆ ಲೆಕ್ಕದಲ್ಲೇ ಆಗಬೇಕೆಂದರು.

ಆಗಿನಿಂದ ತಿಂಗಳಿಗೆ ಎರಡು ಶನಿವಾರ ಲೇಖಕನು ಗದಗಿಗೆ ಹೋಗುತ್ತಾನೆ. ಮೊಮ್ಮಗಳು ಓದುತ್ತಾಳೆ, ಅಜ್ಜ ಗೋಡೆಗೆ ಒರಗಿ, ಬಲಗೈಯ ಹೆಬ್ಬೆರಳು ತೋರುಬೆರಳುಗಳನ್ನು ಮೊಳೆ ಹಿಡಿದಂತೆ ಸೇರಿಸಿಕೊಂಡು ಕೇಳುತ್ತಾರೆ. ಸಂದೇಹ ಬಂದಾಗ ಆ ಬೆರಳುಗಳು ನಿಲ್ಲುತ್ತವೆ, ಅವಳೂ ಓದು ನಿಲ್ಲಿಸುತ್ತಾಳೆ. ಹನ್ನೊಂದು ಫಾರಂ ಮುಗಿದಿವೆ. ಐದನೆಯ ಫಾರಮ್ಮಿನಲ್ಲಿ ವರದಾ ನದಿಯನ್ನು ದಾಟಿ ಹೋದ ಒಬ್ಬ ಹುಡುಗ ಹೊಳೆ ತುಂಬಿರುವ ಒಂಬತ್ತನೆಯ ಫಾರಮ್ಮಿನಲ್ಲಿ ಈಚೆ ದಡದಲ್ಲಿ ಹೇಗೆ ಬಂದನೆಂಬುದನ್ನು ಲೇಖಕನು ಮುಂದಿನ ಶನಿವಾರದೊಳಗೆ ಬರೆದುಕೊಂಡು ಹೋಗಬೇಕಾಗಿದೆ.